ಮಟ್ಟುವಿಗೆ ಬೀಜ ಕೊಟ್ಟ ಶ್ರೀ ವಾದಿರಾಜರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಮ್ಮ ಜಿಲ್ಲೆಯ ಮಹನೀಯರೊಬ್ಬರ ಜೀವನವನ್ನು ಬರೆದುಕೊಡಬೇಕು ಎಂದು ಹಳೆ ವಿದ್ಯಾರ್ಥಿ ಸಂಘದ ಗೆಳೆಯರು ಫೋನ್ ಮಾಡಿದಾಗ ನಾನು ಬೆಂಗಳೂರಿನ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದೆ. ಬಿ.ಇ. ಓದಿದವನು, ಯಾರಾದರೂ ವಿಜ್ಞಾನಿಯ ಬಗ್ಗೆ ಬರೆಯುತ್ತಾನೆ ಎಂದು ಅವರು ಎಣಿಸಿದ್ದಿರಬೇಕು. ಶ್ರೀ ವಾದಿರಾಜರ ಬಗ್ಗೆ ಬರೆಯುತ್ತೇನೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಪಂಡಿತರು ಬರೆಯಬೇಕಾದ ವಿಷಯಕ್ಕೆ ಇವನೇಕೆ ಕೈ ಹಾಕುತ್ತಾನೆ ಎಂಬ ಅನುಮಾನ ಅವರಿಗೆ ಬಂದಿದ್ದರೆ ಅದು ತಪ್ಪಲ್ಲ. ನನಗೆ ಸಂಸ್ಕೃತ ಬಾರದು. ದ್ವೈತ ಸಿದ್ಧಾಂತವನ್ನು ವಿವರಿಸುವ ಯೋಗ್ಯತೆಯೂ ಇಲ್ಲ. ಆದರೆ ನಮ್ಮ ಮನೆಯ ಅಟ್ಟದಲ್ಲಿ, ಬೂದಿ ಬೆರೆಸಿ ಇಟ್ಟ ಗುಳ್ಳದ ಬೀಜದ ಒಂದು ಭರಣಿ ಇದೆ. ಆ ಬೀಜ ವಾದಿರಾಜರು ಕೊಟ್ಟದ್ದು ಎಂದು ಅಜ್ಜಿ ಹೇಳುತ್ತಿದ್ದರು. 2010ರಲ್ಲಿ ಅದೇ ಗುಳ್ಳದ ಹೆಸರು ದೇಶದ ದೊಡ್ಡದೊಂದು ಜಗಳದಲ್ಲಿ ಕೇಳಿಬಂದಾಗ ನಾನು ಮಣಿಪಾಲದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆ. ಅಂದಿನಿಂದ ವಾದಿರಾಜರ ಬದುಕನ್ನು ನಾನು ಬೀಜದ ಕಡೆಯಿಂದ ಓದುತ್ತಾ ಬಂದಿದ್ದೇನೆ. ಬಲ್ಲವರು ತಪ್ಪಿದ್ದಲ್ಲಿ ತಿದ್ದಬೇಕು.

ಮಠದ ಪರಂಪರೆಯ ಲೆಕ್ಕದಂತೆ ವಾದಿರಾಜರು ಹುಟ್ಟಿದ್ದು 1480ರ ಶಾರ್ವರಿ ಸಂವತ್ಸರ, ಮಾಘ ಶುದ್ಧ ದ್ವಾದಶಿಯಂದು. ಊರು ಹೂವಿನಕೆರೆ. ನಮ್ಮಲ್ಲಿಂದ ಕುಂದಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಕುಂಭಾಶಿ ಸಿಗುತ್ತದಲ್ಲ, ಅದರ ಹತ್ತಿರ. ತಂದೆ ರಾಮಾಚಾರ್ಯರು, ತಾಯಿ ಗೌರಿ. ಸರಸ್ವತಿ ಎಂಬ ಹೆಸರೂ ಹೇಳುತ್ತಾರೆ. ಬಹಳ ಕಾಲ ಮಕ್ಕಳಿಲ್ಲದ ದಂಪತಿ. ಕುಂಭಾಶಿ ಮಠದ ವಾಗೀಶ ತೀರ್ಥರು ಮಗುವಾಗುವುದೆಂದು ಆಶೀರ್ವದಿಸಿ, ಹುಟ್ಟಿದ ಮಗುವನ್ನು ಮಠಕ್ಕೆ ಕೊಡಬೇಕೆಂದು ಕೇಳಿದರಂತೆ. ಹೆತ್ತವರ ಮುಖ ಬಾಡಿದ್ದನ್ನು ಕಂಡು ಒಂದು ಷರತ್ತು ಹಾಕಿದರು: ಮಗು ಮನೆಯೊಳಗೆ ಹುಟ್ಟಿದರೆ ನಿಮ್ಮದು, ಹೊರಗೆ ಹುಟ್ಟಿದರೆ ಮಠದ್ದು. ಹೆರಿಗೆ ಮನೆಯೊಳಗಲ್ಲದೆ ಬೇರೆಲ್ಲಿ ಆದೀತು ಎಂದು ಅವರು ನಿಶ್ಚಿಂತರಾದರು.

ಆ ದ್ವಾದಶಿಯ ದಿನ ಮನೆ ಮುಂದಿನ ಗದ್ದೆಗೆ ದನ ನುಗ್ಗಿತು. ಪೈರು ಮೇಯತೊಡಗಿತು. ತುಂಬು ಬಸುರಿ ತಾಯಿ ಅದನ್ನು ಅಟ್ಟಲು ಓಡಿದರು, ಗದ್ದೆಯಲ್ಲೇ ಹೆರಿಗೆಯಾಯಿತು. ಆ ಜಾಗವನ್ನು ಇಂದಿಗೂ ಗೌರಿಗದ್ದೆ ಎನ್ನುತ್ತಾರೆ. ಮಹಾಪುರುಷರ ಜನ್ಮಕಥೆಗಳಲ್ಲಿ ನಕ್ಷತ್ರ, ಕನಸು, ಅಶರೀರವಾಣಿ ಎಲ್ಲ ಇರುತ್ತವೆ. ಇಲ್ಲಿರುವುದು ಬೆಳೆ ತಿನ್ನುವ ದನ ಮತ್ತು ಅದರ ಹಿಂದೆ ಓಡುವ ಹೆಂಗಸು. ಕೃಷಿಕರ ಮನೆಯಲ್ಲಿ ಬೆಳೆದ ನಮಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಗುವಿಗೆ ಭೂವರಾಹ ಎಂದು ಹೆಸರಿಟ್ಟರು. 8ನೇ ವಯಸ್ಸಿಗೆ ಸನ್ಯಾಸವಾಗಿ ವಾದಿರಾಜ ತೀರ್ಥರಾದರು. ವಾಗೀಶ ತೀರ್ಥರಲ್ಲಿ ಪಾಠ ಮುಗಿಸಿ, ವಿಜಯನಗರದ ರಾಜಗುರುಗಳಾಗಿದ್ದ ವ್ಯಾಸರಾಯರ ಬಳಿ ಹೆಚ್ಚಿನ ಅಧ್ಯಯನ ಮಾಡಿದರು. ಪುರಂದರದಾಸರು, ಕನಕದಾಸರು ಓಡಾಡುತ್ತಿದ್ದ ಕಾಲ ಅದು. ವಾದದಲ್ಲಿ ಗೆದ್ದು ಹೆಸರಿಗೆ ತಕ್ಕವರಾದರು. ರುಕ್ಮಿಣೀಶ ವಿಜಯ ಎಂಬ ಮಹಾಕಾವ್ಯ, ಯುಕ್ತಿಮಲ್ಲಿಕಾ ಎಂಬ ದೊಡ್ಡ ವಾದಗ್ರಂಥ, ಊರೂರು ಸುತ್ತಿ ಕಂಡ ಕ್ಷೇತ್ರಗಳ ಬಗ್ಗೆ ತೀರ್ಥಪ್ರಬಂಧ, ಇವೆಲ್ಲ ಸಂಸ್ಕೃತದಲ್ಲಿ. ಹೆಂಗಸರು ಮದುವೆಮನೆಗಳಲ್ಲಿ ಇಂದಿಗೂ ಹಾಡುವ ಲಕ್ಷ್ಮೀ ಶೋಭಾನೆ ಕನ್ನಡದಲ್ಲಿ. ತುಳುವಿನಲ್ಲೂ ದಶಾವತಾರದ ಹಾಡು ಅವರ ಹೆಸರಿನಲ್ಲಿದೆ. ಪಂಡಿತರ ಭಾಷೆ ಗೊತ್ತಿದ್ದವರು ಮನೆಮಾತಿಗೂ ಇಳಿದರು ಎನ್ನುವುದು ನಾವು ತುಳು ನಾಡಿನವರು ಹೆಮ್ಮೆಪಡಬೇಕಾದ ಸಂಗತಿ.

ಅವರ ಹಾಡುಗಳ ಅಂಕಿತ ಹಯವದನ. ಅದರ ಹಿಂದೆ ಒಂದು ಕಥೆಯಿದೆ. ಅಕ್ಕಸಾಲಿಗನೊಬ್ಬ ಗಣಪತಿಯ ವಿಗ್ರಹ ಎರಕ ಹೊಯ್ಯಲು ಹೊರಟ. ಆನೆಯ ಮುಖದ ಬದಲು ಕುದುರೆಯ ಮುಖ ಬಂತು. ಕರಗಿಸಿ ಮತ್ತೆ ಹೊಯ್ದರೂ ಅದೇ. ಕೊನೆಗೆ ಕನಸಿನಲ್ಲಿ ಆದ ಸೂಚನೆಯಂತೆ ಆ ವಿಗ್ರಹವನ್ನು ವಾದಿರಾಜರಿಗೆ ಒಪ್ಪಿಸಿದ. ವಾದಿರಾಜರು ಕಡಲೆಬೇಳೆ, ಬೆಲ್ಲ, ತೆಂಗಿನಕಾಯಿ ಹಾಕಿದ ಮಡ್ಡಿ ಮಾಡಿ, ತಟ್ಟೆಯನ್ನು ತಲೆಯ ಮೇಲೆ ಹೊತ್ತು ನಿಂತರೆ ಹಯಗ್ರೀವ ದೇವರು ಬಿಳಿ ಕುದುರೆಯಾಗಿ ಬಂದು, ಮುಂಗಾಲುಗಳನ್ನು ಅವರ ಹೆಗಲ ಮೇಲಿಟ್ಟು ತಿನ್ನುತ್ತಿದ್ದರಂತೆ. ಸ್ವಲ್ಪವನ್ನು ಅವರ ಪ್ರಸಾದಕ್ಕೆಂದು ಉಳಿಸುತ್ತಿದ್ದರಂತೆ. ಆ ಮಡ್ಡಿಗೆ ಹಯಗ್ರೀವ ಎಂದೇ ಹೆಸರು ನಿಂತಿತು.

ಗುಳ್ಳದ ಕಥೆ ಇಲ್ಲಿಂದ ಮೊದಲಾಗುತ್ತದೆ. ವಾದಿರಾಜರ ಏಳಿಗೆ ಸಹಿಸದ ಕೆಲವರು ಒಂದು ದಿನ ನೈವೇದ್ಯಕ್ಕೆ ವಿಷ ಬೆರೆಸಿದರು. ಆ ದಿನ ಕುದುರೆ ಒಂದು ಅಗುಳೂ ಉಳಿಸದೆ ಎಲ್ಲವನ್ನೂ ತಿಂದುಬಿಟ್ಟಿತು. ದೇವರ ಮೂರ್ತಿ ನೀಲಿಗಟ್ಟಿತು. ಕಂಗಾಲಾದ ಗುರುಗಳಿಗೆ ಬೀಜಗಳ ಸಮೇತ ಪರಿಹಾರದ ಸೂಚನೆಯಾಯಿತು: ಇದನ್ನು ಬಿತ್ತಿಸಿ, ಬಂದ ಕಾಯಿಯಿಂದ ಅಡುಗೆ ಮಾಡಿ 48 ದಿನ ನೈವೇದ್ಯ ಮಾಡುವುದು. ವಾದಿರಾಜರು ಆ ಬೀಜವನ್ನು ಮಟ್ಟು ಗ್ರಾಮದವರಿಗೆ ಕೊಟ್ಟರು. ಅವರು ಬೆಳೆದು ತಂದರು. ನೈವೇದ್ಯ ಆಗುತ್ತಾ ಬಂದಂತೆ ನೀಲಿ ಇಳಿಯಿತು, ಕೊರಳ ಬಳಿ ಒಂದು ಗೆರೆ ಮಾತ್ರ ಉಳಿಯಿತು. ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ನಮ್ಮ ಮನೆಯಲ್ಲಿ ಹೇಳುತ್ತಿದ್ದುದು ಹೀಗೆ.

ಎಂಟನೇ ತರಗತಿಯಲ್ಲಿದ್ದಾಗ ನಾನು ಈ ಕಥೆಯಲ್ಲಿ ತಪ್ಪು ಹಿಡಿದೆ ಎಂದು ಬೀಗಿದ್ದೆ. ಗುಳ್ಳದ ಸಸಿ ಮಡಿಯಲ್ಲಿ ಒಂದು ತಿಂಗಳು ಇರಬೇಕು, ನಾಟಿ ಮಾಡಿ ಕಾಯಿ ಬರಲು ಮತ್ತೆ ಎರಡು ತಿಂಗಳಾದರೂ ಬೇಕು. ಹಾಗಿದ್ದರೆ ಅಷ್ಟು ದಿನ ದೇವರು ವಿಷ ತಡೆದುಕೊಂಡು ಕುಳಿತದ್ದು ಹೇಗೆ? ಅಜ್ಜಿ ಸಿಟ್ಟಾಗಲಿಲ್ಲ. ದೇವರಾದರೂ ಬೆಳೆ ಬರುವ ತನಕ ಕಾಯಲೇಬೇಕು ಎಂದುಬಿಟ್ಟರು. ನಮ್ಮ ವಿಜ್ಞಾನ ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಬಹಳ ನಕ್ಕರು. ಮರುದಿನ ಗುಳ್ಳದ ಹೂ ತರಲು ಹೇಳಿ, ಅದರ ಕೇಸರವನ್ನು ತೋರಿಸಿದರು. ತುದಿಯಲ್ಲಿ ಸಣ್ಣ ತೂತು. ದುಂಬಿ ಬಂದು ಗುಂಯ್ ಎಂದು ಮೈ ನಡುಗಿಸಿದರೆ ಪರಾಗ ಉದುರುತ್ತದೆ. ಬದನೆ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ಆದರೆ ದುಂಬಿ ಪಕ್ಕದ ಗದ್ದೆಯ ಬೇರೆ ಬದನೆಯಿಂದಲೂ ಪರಾಗ ತರಬಹುದು. ಹಾಗಾಗಿ ಜಾತಿ ಶುದ್ಧವಾಗಿ ಉಳಿಯಬೇಕಾದರೆ ಊರಿಗೆ ಊರೇ ಒಂದೇ ಬೀಜ ಹಾಕಬೇಕು, ಬೆರಕೆ ಗಿಡ ಕಂಡರೆ ಕಿತ್ತು ಬಿಸಾಡಬೇಕು. ಇದು ಅವರು ಅಂದು ಹತ್ತು ನಿಮಿಷದಲ್ಲಿ ಕಲಿಸಿದ ಪಾಠ. ಮುಂದೆ ಬೇಕಾಯಿತು.

ಮಟ್ಟು ಇರುವುದು ಕಾಪು ತಾಲೂಕಿನಲ್ಲಿ, ಕಟಪಾಡಿಯಿಂದ ಪಡುವಣಕ್ಕೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಅರಬ್ಬಿ ಸಮುದ್ರ. ನಡುವೆ ಹೊಯ್ಗೆ ಬೆರೆತ ಗದ್ದೆಗಳು. ಮಳೆಗಾಲದ ಭತ್ತ ಕೊಯ್ದ ಮೇಲೆ ಗುಳ್ಳ ನಾಟಿ. ಡಿಸೆಂಬರ್ ಹೊತ್ತಿಗೆ ಕಾಯಿ ಶುರುವಾಗಿ ಬೇಸಿಗೆಯವರೆಗೆ ಸಿಗುತ್ತದೆ. ದುಂಡಗೆ, ತಿಳಿ ಹಸಿರು, ಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. ತೆಳು ಸಿಪ್ಪೆ, ಹುಳಿಗೆ ಹಾಕಿದರೆ ಬೆಣ್ಣೆಯಂತೆ ಬೇಯುತ್ತದೆ. ಮೊದಲ ಬೆಳೆಯನ್ನು ಉಡುಪಿ ಶ್ರೀಕೃಷ್ಣನಿಗೆ ಒಪ್ಪಿಸಿ ಆಮೇಲೆ ಮಾರುವುದು ಮಟ್ಟುವಿನವರ ರೂಢಿ. ನನ್ನ ಅಮ್ಮನ ತವರು ಅಲ್ಲೇ. ಮದುವೆಯಾಗಿ ಬರುವಾಗ ಅವರು ತಂದ ಸಾಮಾನುಗಳ ಪಟ್ಟಿಯಲ್ಲಿ ಗುಳ್ಳದ ಬೀಜವೂ ಇತ್ತಂತೆ. ಅಪ್ಪ ಅರ್ಧ ಎಕರೆಯಲ್ಲಿ ಬೆಳೆಯುತ್ತಾರೆ. ಬೀಜ ಆರಿಸುವುದು ಮಾತ್ರ ಅಮ್ಮನ ಕೆಲಸ. ಒಳ್ಳೆ ಗಿಡದ ಎರಡನೆಯದೋ ಮೂರನೆಯದೋ ಕಾಯಿಗೆ ಬಾಳೆನಾರು ಕಟ್ಟಿ ಗುರುತಿಡುತ್ತಾರೆ. ಅದನ್ನು ಯಾರೂ ಕೊಯ್ಯುವಂತಿಲ್ಲ. ಗಿಡದಲ್ಲೇ ಹಳದಿಯಾಗಿ ಹಣ್ಣಾದ ಮೇಲೆ ಕತ್ತರಿಸಿ, ಬೀಜ ತೊಳೆದು, ನೆರಳಲ್ಲಿ ಒಣಗಿಸಿ ಬೂದಿ ಬೆರೆಸುತ್ತಾರೆ. ಆಕಾರ, ಗೆರೆ, ಮುಳ್ಳು, ರೋಗ ಬಂತೋ ಇಲ್ಲವೋ ಎಲ್ಲ ಅವರ ಲೆಕ್ಕದಲ್ಲಿದೆ. ವಿಶ್ವವಿದ್ಯಾಲಯದವರು ಆಯ್ಕೆ ವಿಧಾನದ ತಳಿ ಅಭಿವೃದ್ಧಿ ಎನ್ನುವುದು ಇದನ್ನೇ. ವಾದಿರಾಜರು ಬೀಜ ಕೊಟ್ಟಿರಬಹುದು. ಅದು ಗುಳ್ಳವಾಗಿಯೇ ಉಳಿಯುವಂತೆ ಮಾಡಿದವರು ಐನೂರು ವರ್ಷ ಬಾಳೆನಾರು ಕಟ್ಟಿದ ಇಂಥ ಹೆಂಗಸರು ಎಂದು ನನಗೆ ಅನಿಸುತ್ತದೆ.

ಈಗ 2010ಕ್ಕೆ ಬರುತ್ತೇನೆ. ಬದನೆಗೆ ದೊಡ್ಡ ಶತ್ರು ಕುಡಿ ಮತ್ತು ಕಾಯಿ ಕೊರೆಯುವ ಹುಳ. ಮೊದಲು ಕುಡಿ ಬಾಡುತ್ತದೆ, ಆಮೇಲೆ ಕಾಯಿಯೊಳಗೆ ಹುಳ. ಒಳಗೆ ಹೊಕ್ಕ ಹುಳಕ್ಕೆ ಔಷಧಿ ತಾಗುವುದಿಲ್ಲ, ಹಾಗಾಗಿ ರೈತರು ಮತ್ತೆ ಮತ್ತೆ ಸಿಂಪಡಿಸುತ್ತಾರೆ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಒಂದು ಜೀನನ್ನು ಬದನೆಗೆ ಸೇರಿಸಿದರೆ ಗಿಡವೇ ಒಂದು ಪ್ರೋಟೀನನ್ನು ತಯಾರಿಸುತ್ತದೆ. ಹುಳ ಅದನ್ನು ತಿಂದರೆ ಅದರ ಕರುಳು ತೂತಾಗಿ ಸಾಯುತ್ತದೆ. ಇದೇ ಬಿಟಿ ಬದನೆ. ಮಹಿಕೋ ಕಂಪನಿ ಇದನ್ನು ತಯಾರಿಸಿತು. 2005ರಲ್ಲಿ ಆದ ಒಪ್ಪಂದದಂತೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಆ ಜೀನನ್ನು ಕರ್ನಾಟಕದ ಆರು ಸ್ಥಳೀಯ ಬದನೆಗಳಿಗೆ ತರುವ ಕೆಲಸ ಕೈಗೊಂಡಿತು. ಕುಡಚಿ, ಮಾಲಾಪುರ, ಮಾಂಜರಿ ಗೋಟಾ ಮುಂತಾದವುಗಳ ಜೊತೆ ಪಟ್ಟಿಯಲ್ಲಿ ನಮ್ಮ ಉಡುಪಿ ಗುಳ್ಳವೂ ಇತ್ತು.

ಇಲ್ಲಿ ಒಂದು ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ. ಜೀನನ್ನು ಪ್ರತಿ ತಳಿಗೂ ಪ್ರಯೋಗಾಲಯದಲ್ಲಿ ಬೇರೆ ಬೇರೆಯಾಗಿ ಸೇರಿಸಲಿಲ್ಲ. ಒಮ್ಮೆ ಜೀನ್ ಸೇರಿಸಿದ ಬದನೆಯನ್ನು ಸ್ಥಳೀಯ ಬದನೆಯ ಜೊತೆ ಸಂಕರ ಮಾಡಿ, ಹುಟ್ಟಿದ್ದನ್ನು ಮತ್ತೆ ಮತ್ತೆ ಸ್ಥಳೀಯ ಬದನೆಯ ಜೊತೆಗೇ ಸಂಕರ ಮಾಡುತ್ತಾ ಹೋಗುವುದು. ಹಲವು ತಲೆಮಾರಾದ ಮೇಲೆ ಉಳಿದೆಲ್ಲ ಗುಣ ಸ್ಥಳೀಯದ್ದು, ಜೀನ್ ಮಾತ್ರ ಹೊರಗಿನದು. ಅಂದರೆ ಹಳೆ ಪದ್ಧತಿಯ ತಳಿ ಸಂವರ್ಧನೆ ಮತ್ತು ಹೊಸ ಪದ್ಧತಿಯ ಕುಲಾಂತರಿ ಎರಡೂ ಒಂದೇ ಗಿಡದಲ್ಲಿ ಸೇರಿದ್ದವು. ಎರಡನ್ನೂ ಎದುರಾಳಿಗಳಂತೆ ನಿಲ್ಲಿಸಿ ಮಾತಾಡುವವರು, ಪರ ಇರಲಿ ವಿರೋಧ ಇರಲಿ, ಈ ಸಂಗತಿಯನ್ನು ಬಿಟ್ಟುಬಿಡುತ್ತಾರೆ.

2009ರ ಅಕ್ಟೋಬರ್ 14ರಂದು ಕೇಂದ್ರದ ಅನುಮೋದನಾ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಗಲಾಟೆ ಎದ್ದಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಜನರ ಅಭಿಪ್ರಾಯ ಕೇಳಿದರು. ಕೊನೆಯದು 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ಮೂರು ದಿನ ಬಿಟ್ಟು, ಫೆಬ್ರವರಿ 9ರಂದು ತಡೆ ಘೋಷಿಸಿದರು. ಅದೇ ತಿಂಗಳು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಇನ್ನೊಂದು ಪ್ರಶ್ನೆ ಎತ್ತಿ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. 2002ರ ಜೀವವೈವಿಧ್ಯ ಕಾಯ್ದೆಯಂತೆ ಸ್ಥಳೀಯ ತಳಿಗಳನ್ನು ಬಳಸಲು ಬೇಕಾದ ಅನುಮತಿ ಪಡೆದಿಲ್ಲ, ಸ್ಥಳೀಯರನ್ನು ಕೇಳಿಲ್ಲ ಎಂಬುದು ದೂರು. 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ತೀರ್ಮಾನಿಸಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಅದೇ 2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಸೂಚಿಕೆ, ಅಂದರೆ ಜಿ.ಐ. ಮಾನ್ಯತೆ ಸಿಕ್ಕಿತು.

ಆ ಫೆಬ್ರವರಿಯಲ್ಲಿ ಮಣಿಪಾಲದ ನಮ್ಮ ಹಾಸ್ಟೆಲ್ ಕೋಣೆಯಲ್ಲಿ ರಾತ್ರಿ ಎರಡು ಗಂಟೆವರೆಗೆ ವಾದ. ನಾನು ಬಿಟಿ ಪರ. ವಿಜ್ಞಾನ ಓದುವವನು ಹೊಸದಕ್ಕೆ ಹೆದರಬಾರದು ಎಂಬ ಹುಮ್ಮಸ್ಸು. ಜೊತೆಗೆ ಅಪ್ಪ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆದು ಬಂದ ಸಂಜೆ ಊಟ ಸೇರದೆ ಮಲಗುತ್ತಿದ್ದುದನ್ನು ನೋಡಿದ್ದೆ. ಹುಳಕ್ಕೆ ಮದ್ದು ಗಿಡದೊಳಗೇ ಇದ್ದರೆ ಅಪ್ಪನಿಗೆ ಅಷ್ಟು ಸುಖ. ವಾರಾಂತ್ಯ ಬಸ್ಸು ಹತ್ತಿ ಮನೆಗೆ ಹೋದವನು ಅಪ್ಪನ ಮುಂದೆ ಅದನ್ನೇ ಹೇಳಿದೆ. ಅಪ್ಪನಿಗೆ ಒಪ್ಪಿಗೆಯಿತ್ತು. ಔಷಧಿಯ ಖರ್ಚು ಅವರಿಗಲ್ಲದೆ ಇನ್ನಾರಿಗೆ ಗೊತ್ತು? ಅಮ್ಮ ಮಾತ್ರ, ಗುಳ್ಳದ ಬೀಜ ಧಾರವಾಡಕ್ಕೆ ಕೊಟ್ಟವರು ಯಾರು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮಟ್ಟುವಿನಲ್ಲಿ ಯಾರನ್ನಾದರೂ ಕೇಳಿದರೇ ಎಂದು ಮತ್ತೆ ಕೇಳಿದರು. ಅದೂ ಗೊತ್ತಿರಲಿಲ್ಲ. ಅಮ್ಮನಿಗೆ ಜೀನ್ ಬಗ್ಗೆ ಭಯವೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ. ಕೊಟ್ಟು ತೆಗೆದುಕೊಳ್ಳುವ ಕ್ರಮವೊಂದು ತಪ್ಪಿದೆ ಎಂದಷ್ಟೇ ಅವರ ಆಕ್ಷೇಪ.

ಈಗ ಸಾಫ್ಟ್‌ವೇರ್ ಕೆಲಸದಲ್ಲಿರುವವನಿಗೆ ಆ ಆಕ್ಷೇಪ ಚೆನ್ನಾಗಿ ಅರ್ಥವಾಗುತ್ತದೆ. ಯಾರೋ ಬರೆದು ಎಲ್ಲರ ಬಳಕೆಗೆ ಬಿಟ್ಟ ಕೋಡನ್ನು ನಾವು ದಿನವೂ ಉಪಯೋಗಿಸುತ್ತೇವೆ. ಅದಕ್ಕೂ ಷರತ್ತು ಇರುತ್ತದೆ, ಪುಕ್ಕಟೆ ಎಂದರೆ ಷರತ್ತಿಲ್ಲ ಎಂದಲ್ಲ. ವಾದಿರಾಜರು ಕೊಟ್ಟ ಬೀಜಕ್ಕೂ ಒಂದು ಷರತ್ತಿತ್ತು. ಊರವರು ಬೆಳೆಯಬಹುದು, ತಿನ್ನಬಹುದು, ಮಾರಬಹುದು. ಮೊದಲ ಫಲ ಕೃಷ್ಣನಿಗೆ. ಬಹಳ ಸಣ್ಣ ಷರತ್ತು, ಆದರೆ ಪ್ರತಿ ವರ್ಷ ಎಲ್ಲಿಂದ ಬಂತು ಎಂದು ನೆನಪಿಸುವ ಷರತ್ತು. ಕಥೆ ನಡೆದದ್ದೇ ಸುಳ್ಳು ಎನ್ನುವವರೂ ಇದ್ದಾರೆ. ಇರಲಿ. ಷರತ್ತು ಪಾಲಿಸಿಕೊಂಡು ಬಂದದ್ದು ಸುಳ್ಳಲ್ಲವಲ್ಲ.

ಹಾಗೆಂದು ಹಳೆ ಪದ್ಧತಿಯ ತಳಿ ಸಂವರ್ಧನೆಯಿಂದ ಸ್ಥಳೀಯ ಬೀಜಕ್ಕೆ ಅಪಾಯವೇ ಇಲ್ಲ ಎಂದುಕೊಳ್ಳಬೇಕಾಗಿಲ್ಲ. ನನ್ನ ಹಾಸ್ಟೆಲ್ ಗೆಳೆಯನೊಬ್ಬ ಕಾರ್ಕಳದ ಕಡೆಯವನು. ಅವರ ಮನೆಯಲ್ಲಿ ಅಜ್ಜನ ಕಾಲದಲ್ಲಿ ಬೆಳೆಯುತ್ತಿದ್ದ ಕಜೆ ಭತ್ತ ಬಿಟ್ಟು ಎಂ.ಓ.-4 ಬಂದು ಬಹಳ ವರ್ಷವಾಗಿತ್ತು. ಎಂ.ಓ.-4 ಕೇರಳದ ಮೊಂಕೊಂಬು ಸಂಶೋಧನಾ ಕೇಂದ್ರದಲ್ಲಿ ಸಾಮಾನ್ಯ ಸಂಕರದಿಂದ ಬಂದ ತಳಿ, ಕುಲಾಂತರಿ ಅಲ್ಲ. ಒಳ್ಳೆ ಇಳುವರಿ, ನಮ್ಮ ಕುಚ್ಚಲಕ್ಕಿಗೆ ಹೊಂದುವ ಕೆಂಪು ಅಕ್ಕಿ. ಅದು ಬಂದು ಜಿಲ್ಲೆಯ ಹೊಟ್ಟೆ ತುಂಬಿಸಿತು, ಎಷ್ಟೋ ಹಳೆ ಭತ್ತಗಳನ್ನು ಗದ್ದೆಯಿಂದ ಓಡಿಸಿತು, ಎರಡೂ ನಿಜ. ಗೌರಿಗದ್ದೆಯಲ್ಲಿ ಆ ದಿನ ದನ ಮೇಯ್ದ ಭತ್ತ ಯಾವುದೋ, ಇಂದು ಹುಡುಕಿದರೆ ಸಿಗುವುದಿಲ್ಲ. ಗುಳ್ಳ ಉಳಿದದ್ದು ಅದಕ್ಕೆ ಒಬ್ಬ ಗುರುವಿನ ಹೆಸರು, ಒಂದು ದೇವಸ್ಥಾನ, ಒಂದು ಊರು ಅಂಟಿಕೊಂಡಿದ್ದರಿಂದ. ಈ ಭಾಗ್ಯ ಎಲ್ಲ ಬೀಜಕ್ಕೂ ಇರಲಿಲ್ಲ.

ವಾದಿರಾಜರು ಬದುಕಿದ್ದರೆ ಬಿಟಿ ಗುಳ್ಳದ ಬಗ್ಗೆ ಏನೆನ್ನುತ್ತಿದ್ದರು ಎಂದು ಕೆಲವರು ವೇದಿಕೆಗಳಲ್ಲಿ ಬಹಳ ನಿಶ್ಚಯವಾಗಿ ಹೇಳುತ್ತಾರೆ. ನನಗೆ ಆ ಧೈರ್ಯವಿಲ್ಲ. ಅವರು ವಾದಿಸುತ್ತಿದ್ದ ಕ್ರಮ ಮಾತ್ರ ತಿಳಿದಿದೆ: ಮೊದಲು ಪೂರ್ವಪಕ್ಷ, ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಇಟ್ಟು ತೋರಿಸುವುದು, ಆಮೇಲೆ ತಮ್ಮ ಸಿದ್ಧಾಂತ. ಯುಕ್ತಿಮಲ್ಲಿಕಾ ಎಂಬ ಹೆಸರಿನಲ್ಲೇ ಯುಕ್ತಿ ಇದೆ. ಆ ಕ್ರಮದಲ್ಲಿ ಹೋದರೆ ಅಪ್ಪನ ಬೆನ್ನಿನ ಪಂಪು ಪೂರ್ವಪಕ್ಷದಲ್ಲಿ ಬರಲೇಬೇಕು. 2013ರಲ್ಲಿ ಬಾಂಗ್ಲಾದೇಶ ಬಿಟಿ ಬದನೆಗೆ ಅನುಮತಿ ಕೊಟ್ಟು, ಮರುವರ್ಷ 20 ರೈತರಿಗೆ ಸಸಿ ಹಂಚಿತು, ಇಂದು ಅಲ್ಲಿ ಬೆಳೆಯುತ್ತಿದ್ದಾರೆ ಎಂಬುದೂ ಬರಬೇಕು. ನಮ್ಮಲ್ಲೇ 2002ರಿಂದ ಬಿಟಿ ಹತ್ತಿ ಇದೆ, ಮೊದಲು ಔಷಧಿ ಖರ್ಚು ಇಳಿಯಿತು, ಕೆಲವು ವರ್ಷಗಳಲ್ಲಿ ಗುಲಾಬಿ ಕಾಯಿಕೊರಕ ಅದನ್ನು ಅರಗಿಸಿಕೊಳ್ಳಲು ಕಲಿಯಿತು ಎಂಬುದು ಉತ್ತರದಲ್ಲಿ ಬರಬೇಕು. ದುಂಬಿಯ ಪಾಠವೂ ಬರಬೇಕು: ಪಕ್ಕದ ಗದ್ದೆಯಲ್ಲಿ ಬಿಟಿ ಇದ್ದರೆ ಅಮ್ಮ ಬಾಳೆನಾರು ಕಟ್ಟಿದ ಕಾಯಿಯೊಳಗೆ ಏನಿದೆ ಎಂದು ಕಣ್ಣಿನಿಂದ ನೋಡಿ ಹೇಳಲಾಗದು. ಬೆರಕೆಯ ಬಣ್ಣ ಕಾಣುತ್ತದೆ, ಬೆರಕೆಯ ಜೀನ್ ಕಾಣುವುದಿಲ್ಲ. ಹಾಸ್ಟೆಲಿನಲ್ಲಿ ವಾದ ಮಾಡುವಾಗ ಈ ಒಂದು ಮಾತು ನನಗೆ ಹೊಳೆದಿರಲಿಲ್ಲ. ಹೊಳೆದಾಗ ನನ್ನ ಪಕ್ಷ ಸಡಿಲವಾಯಿತು. ಈಗ ಅಪ್ಪ ಬಾಡಿದ ಕುಡಿಗಳನ್ನು ಕಿತ್ತು ಸುಡುತ್ತಾರೆ, ಗದ್ದೆಯಲ್ಲಿ ಮೋಹಕ ಬಲೆ ಕಟ್ಟುತ್ತಾರೆ. ಸಿಂಪಡಣೆ ಕಡಿಮೆಯಾಗಿದೆ, ನಿಂತಿಲ್ಲ.

ವಾದಿರಾಜರ ಬದುಕಿಗೆ ಮರಳುತ್ತೇನೆ. ಅವರು ಮಾಡಿದ ಕೆಲಸಗಳಲ್ಲಿ ಉಡುಪಿಯ ಜನಜೀವನವನ್ನು ಹೆಚ್ಚು ಬದಲಾಯಿಸಿದ್ದು ಪರ್ಯಾಯ ಪದ್ಧತಿ. ಮಧ್ವಾಚಾರ್ಯರ ಕಾಲದಿಂದ ಅಷ್ಟಮಠಗಳ ಯತಿಗಳು ಎರಡೆರಡು ತಿಂಗಳು ಕೃಷ್ಣ ಪೂಜೆ ಮಾಡುತ್ತಿದ್ದರು. ಪೂಜೆ ಸಿಕ್ಕಿ ಕೈ ಪಳಗುವಷ್ಟರಲ್ಲಿ ಸರದಿ ಮುಗಿಯುತ್ತಿತ್ತು, ದೂರ ಸಂಚಾರ ಹೋದವರು ಬೇಗ ಹಿಂತಿರುಗಬೇಕಿತ್ತು. ವಾದಿರಾಜರು ಅದನ್ನು ಎರಡು ವರ್ಷಕ್ಕೆ ಏರಿಸಿದರು. 1522ರಲ್ಲಿ ಆರಂಭವಾಯಿತು ಎನ್ನುತ್ತಾರೆ. 16 ವರ್ಷಕ್ಕೊಮ್ಮೆ ಒಂದು ಮಠದ ಸರದಿ. ಇಂದಿಗೂ ಒಂದು ಸಲವೂ ಲೆಕ್ಕ ತಪ್ಪದೆ ನಡೆಯುತ್ತಿರುವ ವೇಳಾಪಟ್ಟಿ ಇದು. ನಮ್ಮ ಕಂಪನಿಗಳಲ್ಲಿ ಎರಡು ವರ್ಷದ ಯೋಜನೆಯೇ ಎರಡು ಸಲ ಬದಲಾಗುತ್ತದೆ! ಪರ್ಯಾಯದ ಸಿದ್ಧತೆ ಮೊದಲಾಗುವುದು ಬಾಳೆ ಮುಹೂರ್ತದಿಂದ, ಅಂದರೆ ಒಂದು ವರ್ಷಕ್ಕೂ ಮೊದಲೇ ಬಾಳೆಗಿಡ ನೆಡುವುದರಿಂದ. ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು. ಊಟಕ್ಕೆ ಬರುವವರ ಎಲೆಗೆ ಬೇಕಾದ ಬಾಳೆಯನ್ನು ಮೊದಲು ನೆಟ್ಟೇ ಉತ್ಸವ ಶುರುಮಾಡುವುದು ಎಂದರೆ ಅದು ರೈತರ ಲೆಕ್ಕವೇ.

ಹೊಸ ಪದ್ಧತಿಯಲ್ಲಿ ಅವರ ಮಠಕ್ಕೆ 1532ರಲ್ಲಿ ಮೊದಲ ಸರದಿ ಬಂತು. ಬಳಿಕ 1548, 1564, 1580. ನಡುವೆ ಘಟ್ಟ ಹತ್ತಿ ಶಿರಸಿಯ ಬಳಿಯ ಸೋದೆಗೆ ಹೋದರು. ಅಲ್ಲಿನ ಅರಸಪ್ಪ ನಾಯಕ ಅವರಿಗೆ ಶಿಷ್ಯನಾಗಿ ಮಠಕ್ಕೆ ಆಶ್ರಯ ಕೊಟ್ಟ. ತ್ರಿವಿಕ್ರಮ ದೇವಸ್ಥಾನ ಎದ್ದಿತು. ಕುಂಭಾಶಿಯ ಮಠ ಸೋದೆ ಮಠವಾಯಿತು. ಅವರ ಜೊತೆ ಇದ್ದ ಭೂತರಾಜರ ಕಥೆಗಳು ಕರಾವಳಿಯಲ್ಲಿ ಯಾರಿಗೆ ಗೊತ್ತಿಲ್ಲ? ಧರ್ಮಸ್ಥಳಕ್ಕೂ ಅವರ ಹೆಸರಿಗೂ ನಂಟು ಹೇಳುತ್ತಾರೆ. ಅವೆಲ್ಲ ಬರೆಯಹೊರಟರೆ ಈ ಸಂಚಿಕೆ ಸಾಲದು.

1596ರಲ್ಲಿ ಐದನೇ ಪರ್ಯಾಯದ ಸರದಿ ಬಂದಾಗ ಅವರಿಗೆ ಪರಂಪರೆಯ ಲೆಕ್ಕದಂತೆ ನೂರ ಹದಿನೈದರ ಆಸುಪಾಸು. ಆ ಹಿರಿತನದಲ್ಲೂ ತಾವೇ ಬರುವ ಹಟ ಮಾಡಲಿಲ್ಲ. ಶಿಷ್ಯ ವೇದವೇದ್ಯ ತೀರ್ಥರನ್ನು ಉಡುಪಿಗೆ ಕಳಿಸಿ ತಾವು ಸೋದೆಯಲ್ಲೇ ಉಳಿದರು. 1600ರ ಫಾಲ್ಗುಣ ಬಹುಳ ತದಿಗೆಯಂದು ಅಲ್ಲೇ ವೃಂದಾವನ ಪ್ರವೇಶಿಸಿದರು. ಧವಳ ಗಂಗೆಯ ಪಕ್ಕ ಆ ಪಂಚ ವೃಂದಾವನವಿದೆ. ನಾನು ಎರಡು ಸಲ ಹೋಗಿದ್ದೇನೆ. ಮಳೆಗಾಲದಲ್ಲಿ ಹೋದರೆ ಒಳ್ಳೆಯದು, ಜನ ಕಡಿಮೆ.

ನಮ್ಮ ಮನೆಯ ಬೀಜದ ಒಂದು ವಿಷಯ ಹೇಳದೆ ಬಿಟ್ಟಿದ್ದೆ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಬಂದ ನೆರೆ ನಿಮಗೆಲ್ಲ ನೆನಪಿದೆ. ಕೊರೋನಾದಿಂದಾಗಿ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಸಸಿ ಮಡಿ ಕೊಚ್ಚಿಹೋಯಿತು. ಬಿತ್ತಿ ಉಳಿದ ಬೀಜ ಇದ್ದ ಭರಣಿಯನ್ನು ಅಟ್ಟಕ್ಕೆ ಏರಿಸಿರಲಿಲ್ಲ, ಅದಕ್ಕೂ ನೀರು ನುಗ್ಗಿತು. ಅಂದು ಬೆಳಿಗ್ಗೆ ಭರಣಿ ಮೇಲಿಡಲು ಅಮ್ಮ ನನಗೇ ಹೇಳಿದ್ದರು, ನಾನು ಮರೆತೆ. ಪೇಟೆಯ ಒಂದು ಅಂಗಡಿಯಿಂದ ಗುಳ್ಳ ಎಂದು ಹೇಳಿ ಮಾರಿದ ಸಸಿ ತಂದು ನೆಟ್ಟೆವು. ಕಾಯಿ ಬಂದಾಗ ಅರ್ಧಕ್ಕರ್ಧ ನೇರಳೆ ಛಾಯೆ, ಸಿಪ್ಪೆ ದಪ್ಪ. ಅಮ್ಮ ಒಂದು ಮಾತೂ ಆಡದೆ ಎಲ್ಲ ಗಿಡಗಳನ್ನು ಕಿತ್ತರು. ಆ ವರ್ಷ ನಾವು ಕೃಷ್ಣನಿಗೆ ಗುಳ್ಳ ಒಪ್ಪಿಸಲಿಲ್ಲ.

ಮರುವರ್ಷ ಮಟ್ಟುವಿನ ಮಾವನ ಮನೆಯಿಂದ ಬೀಜ ಬಂತು. ಹಣ ಕೊಡಲು ಹೋದ ನನಗೆ ಬೈಗುಳ ಸಿಕ್ಕಿತು. ಅವರಲ್ಲಿ ಯಾವಾಗಲಾದರೂ ಬೀಜ ಕೆಟ್ಟರೆ ನಮ್ಮಲ್ಲಿಂದ ಕೊಡಬೇಕು, ಅಷ್ಟೇ ಮಾತು.

ಈಗ ಭರಣಿ ಮತ್ತೆ ತುಂಬಿದೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಹಿಂದಿನ ಕೈತೋಟದಲ್ಲಿ ನೆಡಲು ಅಮ್ಮ 50 ಸಸಿ ಮಡಿ ಮಾಡಿದ್ದಾರೆ. ಪಕ್ಕದಲ್ಲಿ ಬೇರೆ ಬದನೆ ನೆಡಬೇಡಿ ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿಕಳಿಸಿದ್ದಾರೆ. ನಾಟಿಯ ದಿನ ಬಾಳೆನಾರು ಕಟ್ಟುವುದು ಹೇಗೆ ಎಂದು ಮಕ್ಕಳಿಗೆ ತೋರಿಸಲು ತಾವೇ ಬರುತ್ತಾರಂತೆ.